ಡಿಸೆಂಬರ್‌ನಲ್ಲಿ ರೈನ್ ನದಿಯ ಕ್ರೂಸ್: ಬ್ರೈಸಾಖ್‌ನಿಂದ ಬ್ಲ್ಯಾಕ್ ಫಾರೆಸ್ಟ್ ಹಳ್ಳಿಗಳಿಗೆ ಒಂದು ದಿನದ ಪ್ರವಾಸವನ್ನು ಹೇಗೆ ಯೋಜಿಸಬೇಕು?

ಅನುಪಮಾ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈ ಡಿಸೆಂಬರ್ ಎರಡನೆಯ ವಾರದಲ್ಲಿ ನಾನು, ನನ್ನ ಪತಿ ಮತ್ತು ಎಪ್ಪತ್ತು ದಾಟಿರುವ ನನ್ನ ತಂದೆ ತಾಯಿ ಬಾಸೆಲ್‌ನಿಂದ ಕಲೋನ್‌ವರೆಗೆ ರೈನ್ ನದಿಯಲ್ಲಿ ಹಡಗಿನ ಪ್ರವಾಸ ಹೊರಡುತ್ತಿದ್ದೇವೆ. ಹಡಗು ಶನಿವಾರ ಬೆಳಗ್ಗೆ 8 ಗಂಟೆಗೆ ಬ್ರೈಸಾಖ್ ತಲುಪಿ ಸಂಜೆ 7ಕ್ಕೆ ಅಲ್ಲಿಂದ ಹೊರಡುತ್ತದೆ. ಮರುದಿನ ಭಾನುವಾರ ಕೇಲ್ ಊರಿನಲ್ಲಿ ನಿಂತು ರಾತ್ರಿ 10 ಗಂಟೆಗೆ ಮುಂದಕ್ಕೆ ಸಾಗುತ್ತದೆ. ಬ್ರೈಸಾಖ್‌ನಿಂದ ಹಡಗಿನವರೇ ಬಸ್ಸಿನಲ್ಲಿ ಟಿಟಿಸೀ ಸರೋವರಕ್ಕೆ ಅರ್ಧ ದಿನದ ಪ್ರವಾಸ ಏರ್ಪಡಿಸುತ್ತಾರೆ, ಆದರೆ ಅದರಲ್ಲಿ ಹೆಚ್ಚಿನ ಸಮಯ ಗಡಿಯಾರದ ಅಂಗಡಿಯಲ್ಲಿಯೇ ಕಳೆಯುತ್ತದೆ ಎಂದು ಹೋಗಿ ಬಂದವರೊಬ್ಬರು ಹೇಳಿದರು.

ನಮಗೆ ನಿಜವಾಗಿ ನೋಡಬೇಕೆನಿಸಿರುವುದು ಚಳಿಗಾಲದ ಕಾಡು ಮತ್ತು ಅದರ ನಡುವಿನ ಹಳ್ಳಿಗಳನ್ನು. ಹಡಗು ಕಾಡಿನ ನಡುವೆಯೇ ಸಾಗುತ್ತದೆಯೇ, ಅಥವಾ ಇಳಿದು ದೂರ ಹೋಗಬೇಕೇ? ಬಸ್ಸಿನ ಪ್ರವಾಸವನ್ನೇ ಒಪ್ಪಿಕೊಳ್ಳುವುದು ಒಳ್ಳೆಯದೋ, ರೈಲಿನಲ್ಲಿ ನಾವೇ ಹೋಗುವುದು ಒಳ್ಳೆಯದೋ? ತಂದೆಯವರಿಗೆ ಮೊಣಕಾಲು ನೋವಿರುವುದರಿಂದ ಅವರು ಸಮತಟ್ಟಾದ ದಾರಿಯಲ್ಲಿ ನಡೆಯಬಲ್ಲರು, ಏರು ದಾರಿ ಅವರಿಗೆ ಕಷ್ಟ. ತಂದೆ ತಾಯಿ ಇಬ್ಬರೂ ಸಸ್ಯಾಹಾರಿಗಳು, ಮದ್ಯ ಬೆರೆತ ಯಾವುದನ್ನೂ ಮುಟ್ಟುವುದಿಲ್ಲ. ಆ ವೇಳೆಗೆ ಹಿಮ ಬಿದ್ದಿರುವುದು ಖಚಿತವೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.

ಶ್ರೀಧರ ಅವರ ಉತ್ತರ

ಅನುಪಮಾ ಅವರೇ, ನಾನು ಫ್ರೈಬುರ್ಗ್‌ನಲ್ಲಿ ನೆಲೆಸಿರುವುದರಿಂದ ನೀವು ಕೇಳಿದ ಪ್ರದೇಶ ನನಗೆ ದಿನನಿತ್ಯದ್ದು. ಮೊದಲು ಹಡಗಿನ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಕ್ರೂಸ್ ಕೈಪಿಡಿಗಳ ಚಿತ್ರಗಳನ್ನು ನೋಡಿದವರಿಗೆ ಹಡಗು ಫರ್ ಮರಗಳ ನಡುವೆ ನುಸುಳಿ ಹೋಗುತ್ತದೆ ಎಂಬ ಭಾವನೆ ಬರುತ್ತದೆ. ಬಾಸೆಲ್‌ನಿಂದ ಬ್ರೈಸಾಖ್‌ವರೆಗೆ ಹಡಗುಗಳು ಸಾಗುವುದು ಹಳೆಯ ರೈನ್ ಪಾತ್ರದಲ್ಲಿ ಅಲ್ಲ, ಫ್ರಾನ್ಸ್ ನೆಲದಲ್ಲಿ ತೋಡಿದ ಅಲ್ಸಾಸ್ ಮಹಾ ಕಾಲುವೆಯಲ್ಲಿ. ಕೆಂಬ್ಸ್, ಒಟ್ಮಾರ್ಸ್‌ಹೈಮ್, ಫೆಸ್ಸೆನ್‌ಹೈಮ್ ಮತ್ತು ಫೋಗೆಲ್‌ಗ್ರುನ್ ಎಂಬ ನಾಲ್ಕು ಲಾಕ್‌ಗಳಲ್ಲಿ, ಅಂದರೆ ನೀರಿನ ಮಟ್ಟ ತಗ್ಗಿಸಿ ಹಡಗನ್ನು ಇಳಿಸುವ ಬಾಗಿಲುಗಳುಳ್ಳ ತೊಟ್ಟಿಗಳಲ್ಲಿ, ಹಡಗು ಹಂತಹಂತವಾಗಿ ಕೆಳಗಿಳಿಯುತ್ತದೆ. ದಡದ ಎರಡೂ ಬದಿಗೆ ಅಗಲವಾದ ಬಯಲು ಹರಡಿಕೊಂಡಿದೆ. ಬ್ಲ್ಯಾಕ್ ಫಾರೆಸ್ಟ್ ಪೂರ್ವ ದಿಗಂತದಲ್ಲಿ ಕಪ್ಪು ಗೋಡೆಯಂತೆ ಕಾಣುತ್ತದೆ, ಮಂಜಿದ್ದ ದಿನ ಅದೂ ಕಾಣುವುದಿಲ್ಲ. ಬ್ರೈಸಾಖ್‌ನಲ್ಲಿ ಇಳಿದು ಪೂರ್ವಕ್ಕೆ ಮೂವತ್ತು ಕಿಲೋಮೀಟರ್‌ಗಳಷ್ಟು ಹೋದ ಮೇಲೆಯೇ ಬೆಟ್ಟದ ಕಣಿವೆಗಳು ಆರಂಭವಾಗುತ್ತವೆ.

ಈ ಮಂಜಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚಳಿಗಾಲದಲ್ಲಿ ನಿಮ್ಮ ದಿನ ಹೇಗಿರುತ್ತದೆ ಎಂಬುದನ್ನು ಬೇರೆಲ್ಲದಕ್ಕಿಂತ ಹೆಚ್ಚಾಗಿ ಇದೇ ನಿರ್ಧರಿಸುತ್ತದೆ. ರೈನ್ ನದಿ ಇಲ್ಲಿ ಹರಿಯುವುದು ಪಶ್ಚಿಮದ ವೋಜ್ ಬೆಟ್ಟಗಳಿಗೂ ಪೂರ್ವದ ಬ್ಲ್ಯಾಕ್ ಫಾರೆಸ್ಟ್‌ಗೂ ನಡುವೆ ಭೂಮಿ ಕುಸಿದು ಉಂಟಾದ ಉದ್ದನೆಯ ತಗ್ಗಿನಲ್ಲಿ. ಗಾಳಿಯಿಲ್ಲದ, ಒತ್ತಡ ಹೆಚ್ಚಿರುವ ಚಳಿಗಾಲದ ದಿನಗಳಲ್ಲಿ ಭಾರವಾದ ತಣ್ಣನೆಯ ಗಾಳಿ ಈ ತಗ್ಗಿಗಿಳಿದು ಅಲ್ಲೇ ತುಂಬಿಕೊಳ್ಳುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂತು ಅದನ್ನು ಮೇಲೇಳಲು ಬಿಡುವುದಿಲ್ಲ. ಆಗ ಬ್ರೈಸಾಖ್ ಮತ್ತು ಫ್ರೈಬುರ್ಗ್ ಇಡೀ ದಿನ ಬೂದು ಮಂಜಿನಲ್ಲಿ ಮುಳುಗಿರುತ್ತವೆ, ಎಂಟುನೂರು ಮೀಟರ್ ಎತ್ತರದ ಹಳ್ಳಿಗಳಲ್ಲಿ ಮಾತ್ರ ನೀಲಿ ಆಕಾಶ ಮತ್ತು ಬಿಸಿಲು. ಇಂತಹ ದಿನ 1284 ಮೀಟರ್ ಎತ್ತರದ ಶೌಯಿನ್ಸ್‌ಲಾಂಡ್ ಬೆಟ್ಟದ ಮೇಲೆ ನಿಂತರೆ ಕೆಳಗೆ ಮೋಡದ ಸಮುದ್ರ, ದಕ್ಷಿಣಕ್ಕೆ ಆಲ್ಪ್ಸ್ ಪರ್ವತಗಳ ಸಾಲು ಸ್ಪಷ್ಟವಾಗಿ ಕಾಣುತ್ತವೆ. ಹಡಗಿನ ಕಿಟಕಿಯಿಂದ ಬೂದು ಬಣ್ಣವನ್ನು ನೋಡಿ ಬೇಸರಗೊಂಡು ಒಳಗೇ ಕುಳಿತುಬಿಡುವ ಪ್ರಯಾಣಿಕರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆದ್ದರಿಂದ ಅಂದು ಬೆಳಗ್ಗೆ ಫೆಲ್ಡ್‌ಬರ್ಗ್ ಬೆಟ್ಟ ಅಥವಾ ಹಿಂಟರ್‌ಸಾರ್ಟನ್ ಊರಿನ ಕಡೆಯ ವೆಬ್‌ಕ್ಯಾಮೆರಾ ಚಿತ್ರವನ್ನು ಮೊಬೈಲ್‌ನಲ್ಲಿ ನೋಡಿ, ಆನಂತರವೇ ನಿರ್ಧಾರ ಮಾಡಿ.

ಎರಡನೆಯದು ಬೆಳಕು. ಡಿಸೆಂಬರ್ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂಕಾಲರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕೂವರೆಯ ಆಸುಪಾಸಿನಲ್ಲಿ; ಕಡಿದಾದ ಕಣಿವೆಗಳ ತಳಕ್ಕೆ ಬಿಸಿಲು ತಲುಪುವ ಅವಧಿ ಇನ್ನೂ ಕಡಿಮೆ. ಆದ್ದರಿಂದ ನಾಲ್ಕೈದು ಹಳ್ಳಿಗಳನ್ನು ಒಂದೇ ದಿನದಲ್ಲಿ ಮುಟ್ಟಿ ಬರುವ ಯೋಜನೆಯನ್ನು ದಯವಿಟ್ಟು ಬಿಟ್ಟುಬಿಡಿ. ಒಂದೇ ಕಣಿವೆಯನ್ನು ಆರಿಸಿಕೊಳ್ಳಿ. ಬೆಳಗ್ಗೆ ನೇರವಾಗಿ ಮೇಲಕ್ಕೆ ಹೋಗಿ, ಬೆಳಕಿರುವಷ್ಟು ಹೊತ್ತು ಅಲ್ಲೇ ಇದ್ದು ನಿಧಾನವಾಗಿ ಇಳಿಯಿರಿ.

ನನ್ನ ಆಯ್ಕೆ ಹೊಲ್ಲೆನ್‌ಟಾಲ್ ಕಣಿವೆ. ಬ್ರೈಸಾಖ್ ನಿಲ್ದಾಣದಿಂದ ಹೊರಡುವ ಬ್ರೈಸ್‌ಗೌ ಎಸ್-ಬಾನ್ ಎಂಬ ಸ್ಥಳೀಯ ರೈಲು ಫ್ರೈಬುರ್ಗ್ ದಾಟಿ ಇದೇ ಕಣಿವೆಯ ಮೂಲಕ ಟಿಟಿಸೀವರೆಗೆ ಏರುತ್ತದೆ. ನೇರ ರೈಲು ಸಿಕ್ಕಿದರೆ ಒಂದೂಕಾಲು ಗಂಟೆಯ ಆಸುಪಾಸಿನ ಪ್ರಯಾಣ. ಹಿಮ್ಮೆಲ್‌ರೈಖ್ ನಿಲ್ದಾಣ ದಾಟಿದ ಮೇಲೆ ಬಂಡೆಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ಅಲ್ಲಿಂದ ಹನ್ನೆರಡು ಕಿಲೋಮೀಟರ್‌ಗಳಷ್ಟು ದೂರದಲ್ಲಿ ರೈಲು ನಾನೂರು ಮೀಟರಿಗೂ ಹೆಚ್ಚು ಎತ್ತರ ಏರಿ ಹಿಂಟರ್‌ಸಾರ್ಟನ್ ಸೇರುತ್ತದೆ. ಕೆಳಗೆ ಹಸಿಯಾಗಿ ಕಪ್ಪಾಗಿದ್ದ ಕಾಡು ಮೇಲೇರುತ್ತ ಹೋದಂತೆ ಬೆಳ್ಳಗಾಗುವುದನ್ನು ಕಿಟಕಿಯಿಂದಲೇ ನೋಡಬಹುದು. ಹಿಂಟರ್‌ಸಾರ್ಟನ್‌ನಲ್ಲಿ ಇಳಿಯಿರಿ ಎಂದು ನಾನು ಹೇಳುವುದಕ್ಕೆ ಕಾರಣ ನಿಮ್ಮ ತಂದೆಯವರ ಮೊಣಕಾಲು: ಊರು ನಿಲ್ದಾಣದ ಪಕ್ಕದಲ್ಲೇ ಇದೆ, ಅದರ ನಡುಭಾಗ ಬಹುಮಟ್ಟಿಗೆ ಸಮತಟ್ಟಾಗಿದೆ, ಈರುಳ್ಳಿಯಾಕಾರದ ಗೋಪುರದ ಇಗರ್ಜಿಯ ಸುತ್ತ ಬಯಲಿದೆ, ಅದರಾಚೆಗೆ ಕಾಡು. ಮುಂದಿನ ನಿಲ್ದಾಣವೇ ಟಿಟಿಸೀ. ಸರೋವರ ನೋಡಲೇಬೇಕೆಂದರೆ ಮಧ್ಯಾಹ್ನ ಅಲ್ಲಿಗೆ ಹೋಗಿ ಬರಬಹುದು.

ಹಿಮದ ವಿಷಯದಲ್ಲಿ ಯಾರೂ ಭರವಸೆ ಕೊಡಲಾರರು. ಡಿಸೆಂಬರ್‌ನಲ್ಲಿ ಎಂಟುನೂರು, ಒಂಬೈನೂರು ಮೀಟರ್ ಎತ್ತರದಲ್ಲಿ ಹಿಮವಿರುವ ವರ್ಷಗಳೂ ಇವೆ, ಮಳೆ ಬಂದು ಎಲ್ಲ ಕರಗಿಹೋಗುವ ವರ್ಷಗಳೂ ಇವೆ. 1493 ಮೀಟರ್ ಎತ್ತರದ ಫೆಲ್ಡ್‌ಬರ್ಗ್ ಕಡೆಗೆ ಹೋದಷ್ಟೂ ಸಾಧ್ಯತೆ ಹೆಚ್ಚುತ್ತದೆ. ಹಿಮವಿಲ್ಲದಿದ್ದರೂ ಮಂಜುಗಟ್ಟಿದ ರಾತ್ರಿಯ ನಂತರ ಫರ್ ಸೂಜಿಗಳ ಮೇಲೆ ಕೂರುವ ಬಿಳಿ ಹರಳು ನೋಡಲು ಅಷ್ಟೇ ಚೆಂದ.

ಮಾಲತಿ ಅವರ ಉತ್ತರ

ಶ್ರೀಧರ ಅವರು ಹೇಳಿದ ಎಲ್ಲವನ್ನೂ ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ಬೇರೆ ಮಾತು ಹೇಳಬೇಕಾಗಿದೆ. ಹಿರಿಯರೊಂದಿಗೆ ಹೋಗುವವರು ಬಸ್ಸಿನ ಪ್ರವಾಸವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಹಡಗಿನವರು ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಹೋಗಿದ್ದಾಗ ರೈಲು ತಡವಾದರೆ ಹಡಗು ಹೊರಟುಬಿಡುತ್ತದೆ, ಮುಂದಿನ ಊರಿನವರೆಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಿಕೊಳ್ಳಬೇಕು. ಹಿಮ ಬೀಳುವ ದಿನಗಳಲ್ಲಿ ಬೆಟ್ಟದ ರೈಲು ಮಾರ್ಗದಲ್ಲಿ ಮರ ಉರುಳಿ ಸಂಚಾರ ನಿಲ್ಲುವುದು ಅಪರೂಪವೇನಲ್ಲ. ರೈಲಿನಲ್ಲೇ ಹೋಗುವುದಾದರೆ ಹಡಗಿಗೆ ಮರಳಬೇಕಾದ ಸಮಯಕ್ಕಿಂತ ಕನಿಷ್ಠ ಎರಡು ರೈಲುಗಳಷ್ಟು ಮುಂಚಿತವಾಗಿ ಹೊರಡುವ ಲೆಕ್ಕ ಇಟ್ಟುಕೊಳ್ಳಿ, ಮತ್ತು ಹಡಗಿನ ಸ್ವಾಗತ ಕೌಂಟರಿನ ದೂರವಾಣಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ.

ಆದರೂ ನಿಮ್ಮ ಸಮಯಪಟ್ಟಿ ನೋಡಿದರೆ ಬೆಳಗ್ಗೆ 8ರಿಂದ ಸಂಜೆ 7ರವರೆಗೆ ಹನ್ನೊಂದು ಗಂಟೆಗಳಿವೆ. ಅಷ್ಟು ಸಮಯವಿರುವಾಗ ರೈಲೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯವೂ ಹೌದು. ಬ್ರೈಸಾಖ್‌ನಲ್ಲಿ ಹಡಗುಕಟ್ಟೆಯಿಂದ ರೈಲು ನಿಲ್ದಾಣ ನಡೆದು ಹೋಗುವಷ್ಟೇ ದೂರ, ದಾರಿಯೂ ಸಮತಟ್ಟು; ತಂದೆಯವರಿಗೆ ಬೇಡವೆನಿಸಿದರೆ ಟ್ಯಾಕ್ಸಿಯನ್ನು ಹಡಗಿನವರೇ ಕರೆಸಿಕೊಡುತ್ತಾರೆ. ನೀವು ನಾಲ್ವರಿರುವುದರಿಂದ ಬೇರೆ ಬೇರೆ ಟಿಕೆಟ್ ಕೊಳ್ಳುವ ಬದಲು ಗುಂಪಿಗೆ ಅನ್ವಯಿಸುವ ದಿನದ ಟಿಕೆಟ್ ಕೊಳ್ಳಿ. ರಾಜ್ಯವ್ಯಾಪಿ ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್ ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ ಮಾತ್ರ ಚಲಾವಣೆಗೆ ಬರುತ್ತದೆ, ಆದರೆ ಶನಿವಾರ, ಭಾನುವಾರಗಳಲ್ಲಿ ಆ ನಿರ್ಬಂಧವಿಲ್ಲ. ನಿಮ್ಮ ಎರಡೂ ದಿನಗಳು ವಾರಾಂತ್ಯದಲ್ಲೇ ಬರುತ್ತವೆ. ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಅತಿಥಿಗಳಿಗೆ ಬಸ್ಸು, ರೈಲು ಉಚಿತ ಎಂದು ಎಲ್ಲೋ ಓದಿರಬಹುದು. ಕೋನುಸ್ ಕಾರ್ಡಿನ ಆ ಸೌಲಭ್ಯ ಅಲ್ಲಿನ ಹೋಟೆಲು, ಅತಿಥಿಗೃಹಗಳಲ್ಲಿ ರಾತ್ರಿ ತಂಗುವವರಿಗೆ ಮಾತ್ರ, ಹಡಗಿನಲ್ಲಿ ಮಲಗುವವರಿಗೆ ಸಿಗುವುದಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಬ್ಲ್ಯಾಕ್ ಫಾರೆಸ್ಟ್ ಕೇಕ್ ಸಸ್ಯಾಹಾರಿಯೆಂದು ನಂಬಿ ತರಿಸಬೇಡಿ: ಅದರಲ್ಲಿ ಮೊಟ್ಟೆಯ ಜೊತೆಗೆ ಚೆರ್ರಿ ಹಣ್ಣಿನಿಂದ ಭಟ್ಟಿಯಿಳಿಸಿದ ಕಿರ್ಷ್‌ವಾಸರ್ ಎಂಬ ಮದ್ಯವಿರುತ್ತದೆ, ಜರ್ಮನಿಯಲ್ಲಿ ಈ ಹೆಸರಿನಲ್ಲಿ ಮಾರುವ ಕೇಕಿನಲ್ಲಿ ಆ ಮದ್ಯದ ರುಚಿ ಸ್ಪಷ್ಟವಾಗಿ ತಿಳಿಯುವಂತಿರಬೇಕು ಎಂದೇ ಮಾರ್ಗಸೂಚಿ ಇದೆ. ಕೆನೆ ಗಟ್ಟಿಯಾಗಿ ನಿಲ್ಲಲು ಪ್ರಾಣಿಜನ್ಯ ಜೆಲಟಿನ್ ಬಳಸುವವರೂ ಹಲವರಿದ್ದಾರೆ. ಹಿರಿಯರು ಮೊಟ್ಟೆ ತಿನ್ನುವವರಾದರೆ ಚೀಸ್ ಬೆರೆಸಿದ ಕೇಸ್‌ಶ್ಪೆಟ್ಸ್‌ಲೆ ಎಂಬ ನೂಡಲ್ಸ್ ಎಲ್ಲ ಕಡೆ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಅದರ ಹಿಟ್ಟಿನಲ್ಲಿ ಮೊಟ್ಟೆಯಿರುತ್ತದೆ ಎಂಬುದು ನೆನಪಿರಲಿ. ತೆಳ್ಳನೆಯ ಫ್ಲಾಮ್‌ಕೂಖನ್ ರೊಟ್ಟಿಯ ಮೇಲೆ ಸಾಮಾನ್ಯವಾಗಿ ಹಂದಿಮಾಂಸದ ತುಣುಕುಗಳನ್ನು ಹಾಕುತ್ತಾರೆ, ತರಕಾರಿ ಹಾಕಿದ್ದನ್ನು ಬೇರೆಯಾಗಿಯೇ ಕೇಳಬೇಕು. ಆಲೂಗಡ್ಡೆ ಸೂಪು ಎಂದು ಬರೆದಿದ್ದರೂ ಅದರಲ್ಲಿ ಮಾಂಸದ ರಸವಿದೆಯೇ ಎಂದು ವಿಚಾರಿಸಿ. ಕ್ರಿಸ್‌ಮಸ್ ಸಂತೆಗಳಲ್ಲಿ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದ ಬಾದಾಮಿ, ಉಪ್ಪು ಹಾಕಿದ ಬ್ರೆಟ್ಸೆಲ್ ಇವುಗಳನ್ನು ಹೆಚ್ಚು ಚಿಂತೆಯಿಲ್ಲದೆ ತಿನ್ನಬಹುದು. ಬಿಸಿ ಪಾನೀಯ ಬೇಕಾದರೆ ಗ್ಲ್ಯೂವೈನ್ ಎಂಬ ಮಸಾಲೆ ಹಾಕಿದ ಬಿಸಿ ವೈನ್ ಬದಲು ಮಕ್ಕಳಿಗಾಗಿ ಮಾಡುವ ಕಿಂಡರ್‌ಪುನ್ಶ್ ಕೇಳಿ. ಹಣ್ಣಿನ ರಸಕ್ಕೆ ದಾಲ್ಚಿನ್ನಿ, ಲವಂಗ ಹಾಕಿ ಕಾಯಿಸಿದ ಅದರಲ್ಲಿ ಮದ್ಯವಿಲ್ಲ. ಪಿಂಗಾಣಿ ಲೋಟಕ್ಕೆ ಠೇವಣಿ ಹಣ ಕೊಡಬೇಕು, ಲೋಟ ಹಿಂತಿರುಗಿಸಿದಾಗ ಅದು ಮರಳಿ ಬರುತ್ತದೆ. ಸಣ್ಣ ಮಳಿಗೆಗಳಲ್ಲಿ ಕಾರ್ಡು ನಡೆಯದಿರಬಹುದು, ಆದ್ದರಿಂದ ನಗದು ಯೂರೋ ಇಟ್ಟುಕೊಳ್ಳಿ.

ನಡಿಗೆಯ ಬಗ್ಗೆ ಒಂದು ಮಾತು. ಹೊಸದಾಗಿ ಬಿದ್ದ ಹಿಮದ ಮೇಲೆ ನಡೆಯುವುದು ಕಷ್ಟವಲ್ಲ. ಹಗಲು ಕರಗಿ ಸಂಜೆ ಮತ್ತೆ ಗಟ್ಟಿಯಾದ ನೀರ್ಗಲ್ಲಿನ ಪದರ ಬಹಳ ಅಪಾಯಕಾರಿ. ಬೂಟಿಗೆ ತೊಡಿಸುವ ರಬ್ಬರಿನ ಮುಳ್ಳುಪಟ್ಟಿಗಳು ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಹಿರಿಯರಿಬ್ಬರಿಗೂ ಮೊದಲೇ ಕೊಂಡಿಟ್ಟುಕೊಳ್ಳಿ, ಜೊತೆಗೆ ಒಂದು ಊರುಗೋಲೂ ಇರಲಿ.

ರಾಘವೇಂದ್ರ ಅವರ ಉತ್ತರ

ಪ್ರವಾಸದ ವ್ಯವಸ್ಥೆಯ ಬಗ್ಗೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಅಲ್ಲಿ ನೋಡುವಾಗ ಏನನ್ನು ಗಮನಿಸಬೇಕು ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ನದಿಯ ಮೇಲೆ ಬಂದವರು ಈ ಕಾಡಿಗೆ ಹೋಗುವುದರಲ್ಲಿ ವಿಶೇಷ ಅರ್ಥವಿದೆ. ನೀವು ಸಾಗಲಿರುವ ನೀರಿನ ದಾರಿಯಲ್ಲೇ ಶತಮಾನಗಳ ಕಾಲ ಈ ಕಾಡಿನ ಮರಗಳು ಸಾಗಿದವು. ಕಿನ್ಸಿಗ್, ಮುರ್ಗ್ ಮುಂತಾದ ಉಪನದಿಗಳ ಮೇಲ್ದಂಡೆಯಲ್ಲಿ ಮರ ಕಡಿದು, ದಿಮ್ಮಿಗಳನ್ನು ಒಂದಕ್ಕೊಂದು ಕಟ್ಟಿ ತೆಪ್ಪ ಮಾಡಿ, ಕಟ್ಟೆಗಳಲ್ಲಿ ತಡೆದ ನೀರನ್ನು ಒಮ್ಮೆಲೇ ಬಿಟ್ಟು ಆ ರಭಸದಲ್ಲಿ ತೆಪ್ಪವನ್ನು ಕೆಳಕ್ಕೆ ಸಾಗಿಸುತ್ತಿದ್ದರು. ರೈನ್ ಸೇರಿದ ಮೇಲೆ ಅವುಗಳನ್ನು ಜೋಡಿಸಿ ಕಟ್ಟಿದ ಮಹಾ ತೆಪ್ಪಗಳು ನೂರಾರು ಮಂದಿಯನ್ನು ಹೊತ್ತು ನೆದರ್ಲೆಂಡ್ಸ್‌ವರೆಗೆ ಹೋಗುತ್ತಿದ್ದವು. ಡಚ್ಚರ ಹಡಗುಗಳಿಗೆ, ಅವರ ನಗರಗಳ ಜೌಗು ನೆಲದಲ್ಲಿ ಅಡಿಪಾಯವಾಗಿ ಊರಿದ ಕಂಬಗಳಿಗೆ ಇಲ್ಲಿಯ ಫರ್ ಮರ ಬಳಕೆಯಾಯಿತು. ರೈಲು ಬಂದ ಮೇಲೆ ಈ ವೃತ್ತಿ ಅಳಿಯಿತು. 2022ರಲ್ಲಿ ಯುನೆಸ್ಕೊ ಮರದ ತೆಪ್ಪ ಸಾಗಿಸುವ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಒಟ್ಟಾಗಿ ಮನವಿ ಸಲ್ಲಿಸಿದ ಆರು ದೇಶಗಳಲ್ಲಿ ಜರ್ಮನಿಯೂ ಒಂದು.

ಕಾಡನ್ನು ನೋಡುವಾಗಲೂ ಇದನ್ನು ನೆನಪಿಟ್ಟುಕೊಳ್ಳಿ. ಮೂಲದಲ್ಲಿ ಇಲ್ಲಿ ಬೆಳ್ಳಿ ಫರ್ ಮತ್ತು ಬೀಚ್ ಮರಗಳು ಬೆರೆತ ಕಾಡಿತ್ತು. ಮರದ ವ್ಯಾಪಾರ, ಗಾಜಿನ ಕುಲುಮೆ, ಇದ್ದಿಲು ಸುಡುವಿಕೆ ಇವೆಲ್ಲ ಸೇರಿ ಬೆಟ್ಟಗಳನ್ನು ಬಹುಮಟ್ಟಿಗೆ ಬೋಳು ಮಾಡಿದ ಮೇಲೆ, 19ನೇ ಶತಮಾನದಲ್ಲಿ ಬೇಗ ಬೆಳೆಯುವ ಸ್ಪ್ರೂಸ್ ಮರಗಳನ್ನು ಸಾಲಾಗಿ ನೆಟ್ಟರು. ಇಂದು ಕಾಣುವ ಕಡುಗಪ್ಪು ಹಸಿರಿನ ಬಹುಭಾಗ ಮನುಷ್ಯರು ನೆಟ್ಟದ್ದು.

ಹಿಂಟರ್‌ಸಾರ್ಟನ್, ಬ್ರೈಟ್‌ನೌ ಸುತ್ತಮುತ್ತ ಹಳೆಯ ರೈತರ ಮನೆಗಳನ್ನು ದಯವಿಟ್ಟು ನಿಂತು ನೋಡಿ. ಛಾವಣಿ ನಾಲ್ಕೂ ಕಡೆಯಿಂದ ತಗ್ಗಿ ಬಂದು ಬಹುತೇಕ ನೆಲದ ಹತ್ತಿರಕ್ಕೆ ಮುಟ್ಟುತ್ತದೆ. ಒಂದೇ ಛಾವಣಿಯಡಿ ಮನುಷ್ಯರ ವಾಸ, ದನಗಳ ಕೊಟ್ಟಿಗೆ, ಮೇಲಿನ ವಿಶಾಲವಾದ ಅಟ್ಟದಲ್ಲಿ ಒಣಹುಲ್ಲು. ಇಳಿಜಾರಿಗೆ ಒರಗಿಸಿ ಕಟ್ಟಿರುವುದರಿಂದ ಮನೆಯ ಹಿಂಬದಿಯಿಂದ ಹುಲ್ಲಿನ ಗಾಡಿಯನ್ನು ನೇರವಾಗಿ ಅಟ್ಟದೊಳಕ್ಕೆ ಹೊಡೆದುಕೊಂಡು ಹೋಗಬಹುದಿತ್ತು. ದನಗಳ ಮೈಬಿಸಿ ಕೆಳಗಿನಿಂದ ಮನೆಯನ್ನು ಬೆಚ್ಚಗಿಡುತ್ತಿತ್ತು, ಹುಲ್ಲಿನ ರಾಶಿ ಮೇಲಿನಿಂದ ಆ ಶಾಖವನ್ನು ಹೊರಹೋಗಲು ಬಿಡುತ್ತಿರಲಿಲ್ಲ. ಭಾರವಾದ ಹಿಮ ಬಿದ್ದ ವಾರಗಳಲ್ಲಿ ಮನೆಯವರು ಹೊರಗೆ ಕಾಲಿಡದೆಯೇ ದನಗಳಿಗೆ ಮೇವು ಹಾಕಬಹುದಿತ್ತು. ಚಳಿಗಾಲವೇ ಕಟ್ಟಿಸಿದ ಮನೆಗಳಿವು, ಆದ್ದರಿಂದ ಇವುಗಳನ್ನು ಚಳಿಗಾಲದಲ್ಲಿ ನೋಡಿದಾಗಲೇ ಅವುಗಳ ಒಂದೊಂದು ಅಂಗದ ಉದ್ದೇಶ ತಿಳಿಯುತ್ತದೆ. ಗೂಟಾಖ್‌ನಲ್ಲಿರುವ ಫೋಗ್ಟ್ಸ್‌ಬೌವರ್ನ್‌ಹೋಫ್ ಬಯಲು ವಸ್ತುಸಂಗ್ರಹಾಲಯದಲ್ಲಿ 1612ರಲ್ಲಿ ಕಟ್ಟಿದ ಇಂತಹ ಮನೆಯ ಒಳಭಾಗವನ್ನು ನೋಡಬಹುದು, ಆದರೆ ಅದು ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅದನ್ನು ನಂಬಿಕೊಂಡು ಅತ್ತ ಹೋಗಬೇಡಿ.

ರೈಲು ಮಾರ್ಗದ ಬಗ್ಗೆ ಶ್ರೀಧರ ಅವರು ಹೇಳದೆ ಬಿಟ್ಟ ಒಂದು ಸಂಗತಿ. 1887ರಲ್ಲಿ ಈ ಮಾರ್ಗ ತೆರೆದಾಗ ಅತಿ ಕಡಿದಾದ ಭಾಗದಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುವಂತೆ ಮಾಡಿದ್ದರು. 1933ರಲ್ಲಿ ಅದನ್ನು ತೆಗೆದರು. ಇಂದಿಗೂ ಇದು ಜರ್ಮನಿಯ ಅತಿ ಕಡಿದಾದ ರೈಲು ಮಾರ್ಗಗಳಲ್ಲಿ ಒಂದು. ಇದನ್ನು ರೂಪಿಸಿದ ಎಂಜಿನಿಯರ್ ರಾಬರ್ಟ್ ಗೆರ್ವಿಗ್. ಆಫೆನ್‌ಬುರ್ಗ್‌ನಿಂದ ಟ್ರೀಬರ್ಗ್ ಮೂಲಕ ಸುರಂಗಗಳ ಸಾಲಿನಲ್ಲಿ ಸಾಗುವ ಇನ್ನೊಂದು ಪ್ರಸಿದ್ಧ ಮಾರ್ಗವೂ ಅವರದೇ. ಅದಕ್ಕಿಂತ ಮೊದಲು ಅವರು ಫುರ್ಟ್‌ವಾಂಗೆನ್‌ನ ಗಡಿಯಾರ ಶಾಲೆಯ ಮುಖ್ಯಸ್ಥರಾಗಿದ್ದರು. 1850ರಲ್ಲಿ ಗಡಿಯಾರಗಳಿಗೆ ಹೊಸ ವಿನ್ಯಾಸ ಬೇಕೆಂದು ಸ್ಪರ್ಧೆ ಏರ್ಪಡಿಸಿದರು. ಅದಕ್ಕೆ ವಾಸ್ತುಶಿಲ್ಪಿ ಫ್ರೀಡ್ರಿಖ್ ಐಸನ್‌ಲೋರ್ ಕಳುಹಿಸಿದ್ದು, ರೈಲು ಹಳಿ ಕಾಯುವವನ ಪುಟ್ಟ ಮನೆಯ ಆಕಾರದ, ಸುತ್ತಲೂ ಬಳ್ಳಿ ಹಬ್ಬಿದ ಗೋಡೆ ಗಡಿಯಾರ. ಹಕ್ಕಿ ಹೊರಬಂದು ಕೂಗಿ ಗಂಟೆ ತಿಳಿಸುವ ಕುಕೂ ಗಡಿಯಾರವೆಂದು ಇಂದು ಜಗತ್ತಿನ ಎಲ್ಲೆಡೆ ಗುರುತಿಸುವ ಆ ಇಳಿಜಾರು ಛಾವಣಿಯ ಪೆಟ್ಟಿಗೆ ಹುಟ್ಟಿದ್ದು ಹೀಗೆ. ರೈಲು ಮಾರ್ಗ ಮತ್ತು ಗಡಿಯಾರ ಎರಡರ ಹಿಂದೆಯೂ ಒಬ್ಬನೇ ವ್ಯಕ್ತಿಯಿದ್ದ ಎಂಬುದು ನನಗೆ ಈ ಪ್ರದೇಶದ ಅತ್ಯಂತ ಸೊಗಸಾದ ಸಂಗತಿ.

ಅನುಪಮಾ ಅವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂಟರ್‌ಸಾರ್ಟನ್‌ಗೆ ರೈಲಿನಲ್ಲೇ ಹೋಗುವುದೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಇನ್ನು ಎರಡು ಸಂದೇಹಗಳಿವೆ. ದೊಡ್ಡ ಕಮಾನು ಸೇತುವೆಯ ಕೆಳಗೆ ನಡೆಯುವ ಕ್ರಿಸ್‌ಮಸ್ ಸಂತೆಯ ಚಿತ್ರಗಳನ್ನು ನೋಡಿ ನನ್ನ ಪತಿಗೆ ಅಲ್ಲಿಗೆ ಹೋಗಲೇಬೇಕೆನಿಸಿದೆ. ಅದು ಇದೇ ಕಣಿವೆಯಲ್ಲಿದೆಯಂತೆ, ಅದೇ ದಿನ ಸಾಧ್ಯವೇ? ತಾಯಿಯವರಿಗೆ ಒಂದು ಕುಕೂ ಗಡಿಯಾರ ಕೊಳ್ಳುವ ಆಸೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?

ಶ್ರೀಧರ ಅವರ ಉತ್ತರ

ನೀವು ಹೇಳುತ್ತಿರುವುದು ರವೆನ್ನಾ ಕಮರಿಯ ಸಂತೆ. 1927ರಲ್ಲಿ ಕಟ್ಟಿದ ಒಂಬತ್ತು ಕಮಾನುಗಳ ಕಲ್ಲಿನ ಸೇತುವೆ ಅಲ್ಲಿ 35 ಮೀಟರಿಗೂ ಮೀರಿ ಎತ್ತರದಲ್ಲಿದೆ. ನಿಮ್ಮ ರೈಲು ಹಿಂಟರ್‌ಸಾರ್ಟನ್‌ಗೆ ಹೋಗುವಾಗ ಅದರ ಮೇಲೆಯೇ ಹಾದುಹೋಗುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಸಂತೆ ನಡೆಯುವುದು ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಕಾಲದ ನಾಲ್ಕು ವಾರಾಂತ್ಯಗಳಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಮುಂಗಡವಾಗಿ ಆನ್‌ಲೈನ್‌ನಲ್ಲಿ ಟಿಕೆಟ್ ಕೊಂಡವರಿಗಷ್ಟೇ ಪ್ರವೇಶ. ಶನಿವಾರದ ಟಿಕೆಟ್‌ಗಳು ಬಹಳ ಬೇಗ ಮುಗಿದುಹೋಗುತ್ತವೆ. ಹಿಂಟರ್‌ಸಾರ್ಟನ್ ಮತ್ತು ಹಿಮ್ಮೆಲ್‌ರೈಖ್ ನಿಲ್ದಾಣಗಳಿಂದ ಸಂತೆಗೆ ಬಸ್ಸುಗಳಿವೆ.

ಶನಿವಾರ ಸಂತೆ ತೆರೆಯುವುದು ಮಧ್ಯಾಹ್ನ. ಕಮಾನುಗಳಿಗೆ ಬೆಳಕು ಹಾಯಿಸಿ ಅದು ನೋಡುವಂತಾಗುವುದು ಕತ್ತಲಾದ ಮೇಲೆ, ಅಂದರೆ ನಾಲ್ಕೂವರೆ, ಐದು ಗಂಟೆಗೆ. ಏಳಕ್ಕೆ ಹಡಗು ಹೊರಡುವುದಾದರೆ ನೀವು ಆರೂವರೆಯೊಳಗೆ ಹಡಗಿನಲ್ಲಿರಬೇಕು. ಸಂತೆಯಿಂದ ಹಿಮ್ಮೆಲ್‌ರೈಖ್‌ಗೆ ಬಸ್ಸು, ಅಲ್ಲಿಂದ ಫ್ರೈಬುರ್ಗ್ ಮೂಲಕ ಬ್ರೈಸಾಖ್‌ಗೆ ರೈಲು ಎಂದು ಲೆಕ್ಕ ಹಾಕಿದರೆ ಒಂದೂವರೆ ಗಂಟೆಯಾದರೂ ಬೇಕು, ಮಾಲತಿ ಅವರು ಹೇಳಿದ ಹೆಚ್ಚುವರಿ ಅವಧಿ ಅದಕ್ಕೆ ಸೇರಬೇಕು. ಕತ್ತಲಾಗುವ ಹೊತ್ತಿಗೇ ನೀವು ಅಲ್ಲಿಂದ ಎದ್ದು ಬರಬೇಕಾಗುತ್ತದೆ. ಇಕ್ಕಟ್ಟಾದ ಕಮರಿಯಲ್ಲಿ ಜನಸಂದಣಿಯೂ ಬಹಳ, ನೆಲವೂ ಏರುತಗ್ಗು. ನಿಮ್ಮ ತಂದೆಯವರನ್ನು ಕರೆದುಕೊಂಡು ಆ ಆತುರಕ್ಕೆ ಬೀಳಬೇಡಿ ಎಂದೇ ನನ್ನ ಸಲಹೆ.

ಅದಕ್ಕೆ ಬದಲಾಗಿ ಭಾನುವಾರವನ್ನು ಬಳಸಿಕೊಳ್ಳಿ. ಕೇಲ್‌ನಿಂದ ಆಫೆನ್‌ಬುರ್ಗ್‌ಗೆ ರೈಲಿದೆ, ಅಲ್ಲಿ ಬದಲಾಯಿಸಿ ಹತ್ತು ನಿಮಿಷ ಸಾಗಿದರೆ ಕಿನ್ಸಿಗ್ ಕಣಿವೆಯ ಗೆಂಗೆನ್‌ಬಾಖ್. ಮರದ ಚೌಕಟ್ಟಿನ ಮನೆಗಳ ಆ ಪುಟ್ಟ ಊರಿನ ಪುರಭವನಕ್ಕೆ ಎರಡು ಸಾಲಿನಲ್ಲಿ ಹನ್ನೊಂದು ಹನ್ನೊಂದು ಕಿಟಕಿಗಳು, ಛಾವಣಿಯಲ್ಲಿ ಇನ್ನೆರಡು, ಒಟ್ಟು 24. ಡಿಸೆಂಬರ್ ಮೊದಲ ದಿನಗಳಿಂದ ಪ್ರತಿ ಸಂಜೆ 6 ಗಂಟೆಗೆ ಒಂದೊಂದು ಕಿಟಕಿಯ ಪರದೆ ಸರಿಸಿ ಒಳಗಿನ ಚಿತ್ರಕ್ಕೆ ಬೆಳಕು ಕೊಡುತ್ತಾರೆ, ತೆರೆದ ಕಿಟಕಿಗಳು ಹಾಗೆಯೇ ಬೆಳಗುತ್ತಿರುತ್ತವೆ. ಶಗಾಲ್, ವಾರ್ಹೋಲ್ ಅವರಂತಹ ಕಲಾವಿದರ ಚಿತ್ರಗಳೂ ಹಿಂದಿನ ವರ್ಷಗಳಲ್ಲಿ ಅಲ್ಲಿ ಕಂಡಿವೆ. ಹಡಗು ಹೊರಡುವುದು ರಾತ್ರಿ 10ಕ್ಕೆ ಆಗಿರುವುದರಿಂದ ಆರು ಗಂಟೆಯ ಕಾರ್ಯಕ್ರಮ ನೋಡಿ ಧಾವಂತವಿಲ್ಲದೆ ಮರಳಬಹುದು. ಭಾನುವಾರ ಜರ್ಮನಿಯಲ್ಲಿ ಸಾಮಾನ್ಯ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಅಡ್ವೆಂಟ್ ಸಂತೆ ನಡೆಯುತ್ತದೆ. ರಾಘವೇಂದ್ರ ಅವರು ಬರೆದ ತೆಪ್ಪಗಳು ಇಳಿದು ಬಂದದ್ದು ಇದೇ ಕಿನ್ಸಿಗ್ ನದಿಯಲ್ಲಿ. ಅದು ರೈನ್ ಸೇರುವುದು ನಿಮ್ಮ ಹಡಗು ನಿಲ್ಲುವ ಕೇಲ್ ಬಳಿಯೇ.

ರಾಘವೇಂದ್ರ ಅವರ ಉತ್ತರ

ಗಡಿಯಾರದ ಬಗ್ಗೆ. ಮೊದಲು ಕೇಳಬೇಕಾದದ್ದು ಅದು ಯಾಂತ್ರಿಕವೋ ಬ್ಯಾಟರಿಯದೋ ಎಂದು. ಯಾಂತ್ರಿಕ ಗಡಿಯಾರದಲ್ಲಿ ಪೈನ್ ಕಾಯಿಯ ಆಕಾರದ ಕಬ್ಬಿಣದ ತೂಕಗಳು ಸರಪಳಿಯಲ್ಲಿ ತೂಗುತ್ತಿರುತ್ತವೆ; ಅವು ನಿಧಾನವಾಗಿ ಇಳಿಯುವ ಬಲದಿಂದಲೇ ಗಡಿಯಾರ ನಡೆಯುತ್ತದೆ. ಒಳಗೆ ಎರಡು ಪುಟ್ಟ ತಿದಿಗಳಿದ್ದು, ಒಂದಾದ ಮೇಲೊಂದು ಎರಡು ಕೊಳವೆಗಳಿಗೆ ಗಾಳಿ ಊದಿ ಹಕ್ಕಿಯ ಎರಡು ಸ್ವರಗಳನ್ನು ಹೊರಡಿಸುತ್ತವೆ. ಬ್ಯಾಟರಿಯದರಲ್ಲಿ ತೂಕಗಳು ಬರಿಯ ಅಲಂಕಾರ, ಧ್ವನಿ ಮುದ್ರಿತವಾದದ್ದು. ಅಂಗಡಿಯವರನ್ನು ಕೇಳಿಕೊಂಡು ಮುಳ್ಳು ತಿರುಗಿಸಿ ಹಕ್ಕಿ ಹೊರಬರುವುದನ್ನು ನೋಡಿ, ತಿದಿಯ ಉಸಿರಿನ ಸದ್ದು ಕಿವಿಗೆ ಬೀಳುತ್ತದೆಯೇ ಗಮನಿಸಿ.

ಯಾಂತ್ರಿಕ ಗಡಿಯಾರಗಳಲ್ಲಿ ದಿನಕ್ಕೊಮ್ಮೆ ಸರಪಳಿ ಎಳೆಯಬೇಕಾದವು, ಎಂಟು ದಿನಕ್ಕೊಮ್ಮೆ ಎಳೆಯಬೇಕಾದವು ಎಂದು ಎರಡು ಬಗೆ. ಹಿರಿಯರಿಗೆ ಎರಡನೆಯದು ಅನುಕೂಲ, ಬೆಲೆ ಹೆಚ್ಚು. ಮೂರನೆಯ ತೂಕವಿದ್ದರೆ ಅದು ಸಂಗೀತ ಪೆಟ್ಟಿಗೆಗಾಗಿ. ಬ್ಲ್ಯಾಕ್ ಫಾರೆಸ್ಟ್ ಗಡಿಯಾರ ತಯಾರಕರ ಸಂಘದ ಪ್ರಮಾಣಪತ್ರವಿರುವುದನ್ನು ಕೇಳಿ ಪಡೆಯಿರಿ. ಗಡಿಯಾರ ಯಾಂತ್ರಿಕವಾದದ್ದು, ಅದರ ಮುಖ್ಯ ಭಾಗಗಳು ಅದೇ ಪ್ರದೇಶದಲ್ಲಿ ತಯಾರಾದವು ಎಂಬುದಕ್ಕೆ ಅದು ಸಾಕ್ಷಿ. ರಾತ್ರಿ ಹಕ್ಕಿ ಕೂಗದಂತೆ ತಡೆಯುವ ಗುಂಡಿ ಇದೆಯೇ ಎಂಬುದನ್ನೂ ವಿಚಾರಿಸಿ.

ನೀವು ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರಾದರೆ ಒಂದೇ ಅಂಗಡಿಯಲ್ಲಿ 50 ಯೂರೋಗಿಂತ ಹೆಚ್ಚಿನ ಖರೀದಿಗೆ ತೆರಿಗೆ ಮರುಪಾವತಿ ಕೇಳಬಹುದು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ನಮೂನೆ ತುಂಬಿಸಿಕೊಳ್ಳಿ. ಒಕ್ಕೂಟದಿಂದ ಹೊರಡುವ ಕೊನೆಯ ವಿಮಾನ ನಿಲ್ದಾಣದಲ್ಲಿ ಬ್ಯಾಗನ್ನು ಒಪ್ಪಿಸುವ ಮೊದಲು ಗಡಿಯಾರವನ್ನು ಕಸ್ಟಮ್ಸ್ ಅಧಿಕಾರಿಗೆ ತೋರಿಸಿ ಮುದ್ರೆ ಹಾಕಿಸಬೇಕಾಗುತ್ತದೆ, ಆದ್ದರಿಂದ ಅದನ್ನು ಪೆಟ್ಟಿಗೆಯ ತಳದಲ್ಲಿ ಕಟ್ಟಿಡಬೇಡಿ. ತೂಕಗಳನ್ನು ಬಿಚ್ಚಿ ಬೇರೆಯಾಗಿ ಸುತ್ತಿ, ಸರಪಳಿಗಳು ಒಳಗೆ ಜಾರಿಹೋಗದಂತೆ ಅಂಗಡಿಯವರಿಂದಲೇ ತಂತಿ ಕಟ್ಟಿಸಿಕೊಳ್ಳಿ.